ಗಿರಿಜಳ ಫೋಲ್ಡರಿಗೆ ನಾನು ಹಾಕಿದ ಬೀಗ

ಮೊನ್ನೆ ಒಗೆಯಲು ಹಾಕುವ ಮುಂಚೆ ಅಂಗಿಯ ಜೇಬು ತಡಕಿದೆ. ಒಂದು ಬಸ್ ಟಿಕೆಟ್ಟು, ಅರ್ಧ ಅಡಕೆ, ಒಂದು ಪುಟ್ಟ ತಿರುಪು ಸಿಕ್ಕವು. ತಿರುಪು ನಮ್ಮ ಮನೆಯ ಕಂಪ್ಯೂಟರಿನದು. ಅದನ್ನು ಬಿಚ್ಚಿ ಮತ್ತೆ ಜೋಡಿಸಿದಾಗ ಇದೊಂದು ಮಿಕ್ಕಿಬಿಟ್ಟಿತ್ತು. ಇದಿಲ್ಲದೆಯೂ ಕಂಪ್ಯೂಟರು ಚೆನ್ನಾಗಿಯೇ ನಡೆಯುತ್ತಿದೆ. ಹಾಗಾದರೆ ಕಾರ್ಖಾನೆಯವರು ಇದನ್ನು ಹಾಕಿದ್ದಾದರೂ ಏಕೆ? ಇಂಥದ್ದೊಂದು ಪ್ರಶ್ನೆ ತಲೆಗೆ ಹೊಕ್ಕರೆ ನನಗೆ ತಿಂಡಿ ರುಚಿಸುವುದಿಲ್ಲ. ನಿವೃತ್ತಿಯಾದ ಮೇಲೆ ಈ ಕಾಯಿಲೆ ಜಾಸ್ತಿಯಾಗಿದೆ ಎಂದು ನನ್ನ ಹೆಂಡತಿ ಗಿರಿಜ ಹೇಳುತ್ತಾಳೆ. ಕಾಯಿಲೆ ಮುಂಚೆಯೂ ಇತ್ತು. ಆಗ ರೈಲುಗಳು ಬಂದು ಹೋಗುತ್ತಿದ್ದುದರಿಂದ ನನಗೆ ಪುರುಸೊತ್ತಿರಲಿಲ್ಲ, ಅಷ್ಟೆ.

ನಾನು ಸ್ಟೇಷನ್ ಮಾಸ್ಟರ್ ಆಗಿದ್ದವನು. ಅರಸೀಕೆರೆಯಲ್ಲಿ ಈಗಲೂ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ಮಾಸ್ಟ್ರೇ. ನನ್ನಪ್ಪ ಬಾಣಾವರ ಸ್ಟೇಷನ್ನಿನಲ್ಲಿ ಪೋರ್ಟರ್. ಸಣ್ಣ ಗೇಜಿನ ಕಾಲ ಅದು. ಗಾಡಿ ನಿಲ್ಲದೆ ಹಾದುಹೋಗುವಾಗ ಅಪ್ಪ ಪ್ಲಾಟ್‌ಫಾರಂ ಅಂಚಿನಲ್ಲಿ ಒಂದು ಬೆತ್ತದ ಬಳೆ ಎತ್ತಿ ಹಿಡಿಯುತ್ತಿದ್ದ. ಬಳೆಗೊಂದು ಚರ್ಮದ ಚೀಲ, ಚೀಲದೊಳಗೆ ಒಂದು ಚೆಂಡು. ಎಂಜಿನ್ನಿನಿಂದ ಒಂದು ಕೈ ಹೊರಬಂದು ಅದನ್ನು ಕಿತ್ತುಕೊಂಡು ಹೋಗುತ್ತಿತ್ತು. ಆ ಚೆಂಡು ಕೈಗೆ ಬಾರದೆ ಯಾವ ಗಾಡಿಯೂ ಮುಂದಿನ ಸ್ಟೇಷನ್ನಿಗೆ ಹೋಗುವಂತಿಲ್ಲ, ಅದೇ ಅದಕ್ಕೆ ಅನುಮತಿ. ನನಗೆ ಅದೆಲ್ಲ ಏನು ಗೊತ್ತು. ಚೀಲದೊಳಗೆ ಏನಿದೆ ಎಂದು ಕೇಳಿದರೆ ಅಪ್ಪ, "ರಾಗಿ ಮುದ್ದೆ ಕಣ್ಲಾ, ಎಂಜಿನ್ನಿಗೆ ಹಸಿವಾಗಲ್ವಾ?" ಎಂದಿದ್ದ. ಮೂರನೇ ಕ್ಲಾಸಿನ ತನಕ ನಾನು ಅದನ್ನು ನಂಬಿದ್ದೆ. ಸಾರು ಯಾವಾಗ ಕೊಡುತ್ತಾರೆ ಎಂಬುದೊಂದೇ ನನಗೆ ಬಗೆಹರಿಯದೆ ಉಳಿದಿದ್ದ ವಿಷಯ.

ಮುಂದೆ ನಾನೇ ಅನುಮತಿ ಕೊಡುವ ಕುರ್ಚಿಯಲ್ಲಿ ಕೂತೆ. ಮೂವತ್ತೈದು ವರ್ಷ ಎಕ್ಸ್‌ಪ್ರೆಸ್ಸುಗಳು ಕೂಡ ನನ್ನ ಹಸಿರು ಬಾವುಟ ನೋಡಿಯೇ ಹೊರಡುತ್ತಿದ್ದವು. ಅಂಥವನಿಗೆ, ನನ್ನದೇ ಮನೆಯಲ್ಲಿ, ಮೇಜಿನ ಮೇಲಿನ ಒಂದು ಡಬ್ಬ ನಿನಗೆ ಅನುಮತಿಯಿಲ್ಲ ಎಂದು ಹೇಳಿದ ಕತೆ ಇದು.

ಕಂಪ್ಯೂಟರಿನಲ್ಲಿ ನಮ್ಮಿಬ್ಬರಿಗೂ ಬೇರೆ ಬೇರೆ ಖಾತೆಗಳಿವೆ. ತಂದು ಕೂರಿಸಿದ ಅಂಗಡಿಯವರು ಯಾರನ್ನೂ ಕೇಳದೆ ನನ್ನನ್ನು ಅಡ್ಮಿನಿಸ್ಟ್ರೇಟರ್ ಮಾಡಿದರು. ಯಜಮಾನರೆಂದರೆ ಗಂಡಸೇ ಇರಬೇಕೆಂದು ಅವರು ಭಾವಿಸಿದ್ದು ನನಗೆ ಆಗ ವಿಚಿತ್ರವೆನಿಸಲಿಲ್ಲ. ನಾನು ಅದರಲ್ಲಿ ಮಾಡುವ ಘನಕಾರ್ಯವೆಂದರೆ ಇಸ್ಪೀಟು ಆಡುವುದು, ಮತ್ತು ಯಾವ ಗಾಡಿ ಎಲ್ಲಿ ಎಷ್ಟು ಲೇಟು ಎಂದು ನೋಡಿ ಲೊಚಗುಟ್ಟುವುದು. ನಿಜವಾದ ಕೆಲಸ ಗಿರಿಜಳದು.

ಗಿರಿಜ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದಳು. ಹಳೇಬೀಡಿಗೆ ಹೋದವರೆಲ್ಲ ಗೋಡೆಯ ಮೇಲಿನ ದೇವರನ್ನು ನೋಡಿದರೆ ಇವಳು ದೇವರ ಸೊಂಟದ ಪಟ್ಟಿ ನೋಡುತ್ತಾಳೆ. ಮುತ್ತಿನ ಸರ ಎಷ್ಟು ಎಳೆಯದು, ಕುಚ್ಚು ಎಲ್ಲಿ ಕಟ್ಟಿದೆ, ಸೆರಗಿನ ಅಂಚಿನಲ್ಲಿ ಬಳ್ಳಿ ಎಷ್ಟು ಸುತ್ತು ತಿರುಗುತ್ತದೆ, ಇದೇ ಅವಳ ಧ್ಯಾನ. ಎರಡು ವರ್ಷದಿಂದ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಹೋಗಿ, ಗೋಡೆಯ ಮುಂದೆ ಕೂತು, ಫೋಟೋ ತೆಗೆದು, ಮನೆಗೆ ಬಂದು ಅವುಗಳನ್ನು ದೊಡ್ಡದು ಮಾಡಿ ನೋಡಿ, ಚೌಕುಳಿ ಹಾಳೆಯ ಮೇಲೆ ಕಸೂತಿಗೆ ಒಗ್ಗುವ ಹಾಗೆ ಬರೆದಿದ್ದಳು. ಎಲ್ಲವೂ 'ಗಿರಿಜ' ಎಂಬ ಒಂದು ಫೋಲ್ಡರಿನಲ್ಲಿತ್ತು.

ಹೇಗೋ ಈ ಸುದ್ದಿ ಹಾಸನದ ಒಂದು ಮಹಿಳಾ ಸಂಘದವರಿಗೆ ತಲುಪಿತು. ಬರುವ ಭಾನುವಾರ ಮೂವತ್ತು ಜನ ಹಳೇಬೀಡಿಗೆ ಬರುತ್ತೇವೆ, ನೀವೇ ನಮಗೆ ತೋರಿಸಿ ಮಾತಾಡಬೇಕು ಎಂದರು. ಕಣ್ಣಿಗೆ ಎಟುಕದ ಎತ್ತರದಲ್ಲಿರುವುದನ್ನು ತೋರಿಸಲು ಪ್ರತಿಯೊಬ್ಬರಿಗೂ ಫೋಟೋ ಮತ್ತು ನಮೂನೆಗಳ ಪ್ರಿಂಟು ಕೊಡುವುದೆಂದು ಗಿರಿಜ ಒಪ್ಪಿಕೊಂಡಳು. ಅವಳ ಇಡೀ ಸರ್ವಿಸ್ಸಿನಲ್ಲಿ ಹೊಲಿಗೆ ಟೀಚರನ್ನು ಯಾರೂ ಮೈಕಿನ ಮುಂದೆ ಕರೆದಿರಲಿಲ್ಲ. ಶಾಲಾ ವಾರ್ಷಿಕೋತ್ಸವವೆಂದರೆ ಅವಳ ಪಾಲಿಗೆ ಪರದೆ ಹೊಲಿಯುವುದು. ಆ ವಾರ ಅವಳು ಒಲೆಯ ಮುಂದೆ ನಿಂತು ತನ್ನಷ್ಟಕ್ಕೆ ಭಾಷಣ ಮಾಡಿಕೊಳ್ಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ. ನನಗೂ ಹೆಮ್ಮೆಯೇ ಆಗಿತ್ತು, ಅದನ್ನು ಅವಳಿಗೆ ಹೇಳಲಿಲ್ಲ ಎಂಬುದು ಬೇರೆ ಮಾತು.

ಸೋಮವಾರ ನನ್ನ ತಂಗಿ ತನ್ನ ಮೊಮ್ಮಕ್ಕಳೊಂದಿಗೆ ಬಂದಳು. ಹಿಂದಿನ ಸಲ ಆ ಮಕ್ಕಳು ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿ ಪರದೆಯನ್ನೇ ತಲೆಕೆಳಗು ಮಾಡಿದ್ದವು. ಗಿರಿಜಳ ಫೋಲ್ಡರಿಗೆ ಏನಾದರೂ ಆದರೆ ಗತಿಯೇನು? ಅವಳು ಅಡುಗೆಮನೆಯಲ್ಲಿದ್ದಳು. ನಾನೇ ಒಂದು ಭದ್ರತೆ ಮಾಡೋಣವೆಂದು ಕೂತೆ. ಹುಡುಕುತ್ತಾ ಹೋದರೆ ಒಂದು ಪಟ್ಟಿ ಸಿಕ್ಕಿತು: ಈ ಫೋಲ್ಡರಿಗೆ ಯಾರು ಬರಬಹುದು, ಯಾರು ಬರಬಾರದು. ಅದರಲ್ಲಿ 'ಎವ್ರಿವನ್' ಎಂದು ಒಂದು ಸಾಲು, ಪಕ್ಕದಲ್ಲಿ 'ಡಿನೈ' ಎಂಬ ಚೌಕ. ಎಲ್ಲರಿಗೂ ನಿರಾಕರಣೆ. ಇದೇ ಬೇಕಾಗಿದ್ದುದು. ಗುರುತು ಹಾಕಿದೆ. ಹಳದಿ ತ್ರಿಕೋನದ ಒಂದು ಎಚ್ಚರಿಕೆ ಬಂತು, ಓದದೆಯೇ ಹೂಂ ಎಂದೆ.

ನನ್ನ ತರ್ಕ ಹೇಳುತ್ತೇನೆ, ನೀವೇ ನ್ಯಾಯ ಹೇಳಿ. ಸ್ಟೇಷನ್ ಮಾಸ್ಟರನ ಕೋಣೆಯ ಬಾಗಿಲಿಗೆ 'ಪ್ರವೇಶವಿಲ್ಲ' ಎಂದು ಬೋರ್ಡಿರುತ್ತದೆ. ಅದರೊಳಗೇ ಕೂತು ಮೂವತ್ತೈದು ವರ್ಷ ಕಾಫಿ ಕುಡಿದವನು ನಾನು. ಆ ಬೋರ್ಡು ನನಗೂ ಅನ್ವಯಿಸುತ್ತದೆ ಎಂದು ಒಂದು ದಿನವೂ ಅನಿಸಿರಲಿಲ್ಲ. ಎಲ್ಲರೂ ಎಂದರೆ ನಾನು ಬಿಟ್ಟು ಉಳಿದವರು. ಕಂಪ್ಯೂಟರಿಗೆ ಆ ಮರ್ಯಾದೆ ಗೊತ್ತಿಲ್ಲ. ಅದಕ್ಕೆ ಎಲ್ಲರೂ ಎಂದರೆ ಎಲ್ಲರೂ.

ಮಂಗಳವಾರ ತಂಗಿ ಹೊರಟಮೇಲೆ ಗಿರಿಜ ಕಂಪ್ಯೂಟರಿನ ಮುಂದೆ ಕೂತಳು. ಈ ಫೋಲ್ಡರ್ ತೆರೆಯಲು ನಿಮಗೆ ಸದ್ಯಕ್ಕೆ ಅನುಮತಿಯಿಲ್ಲ ಎಂದು ಬಂತಂತೆ. ಆ 'ಸದ್ಯಕ್ಕೆ' ಎಂಬ ಮಾತು ನನಗೆ ಬಹಳ ಹಿಡಿಸಿತು. ತಾಲ್ಲೂಕು ಕಚೇರಿಯಲ್ಲೂ ಹೀಗೆಯೇ ಹೇಳಿ ಕಳಿಸುತ್ತಾರೆ, ಮನುಷ್ಯ ಆಸೆಯಿಟ್ಟುಕೊಂಡು ಮನೆಗೆ ಹೋಗಲಿ ಎಂದು. ನಾನು ನನ್ನ ಖಾತೆಯಿಂದ ಪ್ರಯತ್ನಿಸಿದೆ. ನನಗಂತೂ ಸದ್ಯಕ್ಕೆ ಎಂಬ ಸೌಜನ್ಯವೂ ಇಲ್ಲದೆ ನಿರಾಕರಿಸಲಾಗಿದೆ ಎಂದಿತು. ಹಾಕಿದ ಗುರುತನ್ನು ತೆಗೆಯೋಣವೆಂದರೆ ಆ ಪಟ್ಟಿಯನ್ನು ನೋಡಲೂ ಅನುಮತಿಯಿಲ್ಲವಂತೆ.

ಆಗಲೇ ಹೀಗೆ ಮಾಡಿದೆ ಕಣೆ ಎಂದು ಹೇಳಿದ್ದರೆ ಕತೆ ಮುಗಿಯುತ್ತಿತ್ತು. ನಾನು ಹೇಳಿದ್ದು ಯಂತ್ರ ಬಿಸಿಯಾಗಿರಬೇಕು, ನಾನು ನೋಡುತ್ತೇನೆ ಎಂದು. ಅವಳು ನಂಬಿದಳು. ಅದರಿಂದ ನನಗೆ ಇನ್ನಷ್ಟು ಕಷ್ಟವಾಯಿತು.

ಮುಚ್ಚಿದ್ದನ್ನು ಕಂಡರೆ ತೆರೆಯಬೇಕು ಎನಿಸುವುದು ನನಗೆ ಹುಟ್ಟಿನಿಂದ ಬಂದ ಗುಣ. ಕಣಕಟ್ಟೆಯಲ್ಲಿ ನನ್ನ ಅಜ್ಜಿಯ ಮನೆಯ ಅಟ್ಟದ ಮೇಲೆ ತೆಂಗಿನಕಾಯಿಗಳನ್ನು ಕೊಬ್ಬರಿಯಾಗಲು ಒಟ್ಟಿರುತ್ತಿದ್ದರು. ಹತ್ತು ಹನ್ನೊಂದು ತಿಂಗಳು ಅವು ಕತ್ತಲಲ್ಲಿ ಸುಮ್ಮನೆ ಕೂತಿರಬೇಕು. ನೀರೆಲ್ಲ ಇಂಗಿ ಒಳಗಿನ ತಿರುಳು ಚಿಪ್ಪು ಬಿಟ್ಟು ಉಂಡೆಯಾದಾಗ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅಟ್ಟ ಹತ್ತಲು ಮಕ್ಕಳಿಗೆ ಅಪ್ಪಣೆಯಿರಲಿಲ್ಲ. ಒಂದು ಮಧ್ಯಾಹ್ನ ಹತ್ತಿದೆ. ಒಂದು ಕಾಯಿ ಕಿವಿಗೆ ಹಿಡಿದೆ, ಸದ್ದಿಲ್ಲ. ಸದ್ದಿಲ್ಲದಿದ್ದರೆ ಒಳಗೆ ಏನು ನಡೆಯುತ್ತಿರಬಹುದು? ಕಂಬಕ್ಕೆ ಕುಟ್ಟಿ ಒಡೆದೆ. ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ, ಹಳಸಲು ವಾಸನೆಯ ಏನೋ ಒಂದು. ಹಾಗಾದರೆ ಮಿಕ್ಕವು? ಗೊತ್ತಾಗಬೇಕಲ್ಲ ಎಂದು ಇನ್ನೂ ನಾಲ್ಕು ಒಡೆದೆ. ಅಜ್ಜಿ ಬೈಯಲಿಲ್ಲ, ಆ ಐದು ಕಾಯಿಗಳನ್ನು ನನ್ನ ಮುಂದಿಟ್ಟು ತಿನ್ನು ಎಂದು ಎದುರಿಗೆ ಕೂತಳು. ಆ ರುಚಿ ಈಗಲೂ ನಾಲಿಗೆಯ ಮೇಲಿದೆ.

ಕಂಪ್ಯೂಟರಿನಲ್ಲಿಯೂ ಅದನ್ನೇ ಮಾಡಿದೆ. ಒಂದು ಫೋಲ್ಡರು ತೆರೆಯದಿದ್ದರೆ ಇಡೀ ಯಂತ್ರದ ಅನುಮತಿಗಳನ್ನೇ ಬದಲಾಯಿಸಿದರೆ ಹೇಗೆ ಎಂಬ ಕುತೂಹಲ ಹುಟ್ಟಿತು. ಎಲ್ಲಿ ಗುರುತು ಇತ್ತೋ ಅಲ್ಲಿ ತೆಗೆದೆ, ಎಲ್ಲಿ ಇರಲಿಲ್ಲವೋ ಅಲ್ಲಿ ಹಾಕಿದೆ. ಹಸಿರು ಪಟ್ಟಿಯೊಂದು ತೆವಳತೊಡಗಿತು. ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಗಿರಿಜ ಮಾರ್ಕೆಟ್ಟಿನಿಂದ ಬರುವ ಹೊತ್ತಾಯಿತು. ಗೇಟಿನ ಸದ್ದಾದದ್ದೇ ತಡ, ಗೋಡೆಯ ಪ್ಲಗ್ಗನ್ನೇ ಎಳೆದುಬಿಟ್ಟೆ.

ಅದಾದಮೇಲೆ ಅದು ಎದ್ದೇಳಲೇ ಇಲ್ಲ. ಗುಂಡಿ ಒತ್ತಿದರೆ ಚಿಕ್ಕ ಚುಕ್ಕೆಗಳು ಸುತ್ತುತ್ತವೆ, ದುರಸ್ತಿಗೆ ಸಿದ್ಧವಾಗುತ್ತಿದ್ದೇನೆ ಎನ್ನುತ್ತದೆ, ದುರಸ್ತಿಯಾಗಲಿಲ್ಲ ಎನ್ನುತ್ತದೆ, ಆರಿ ಮತ್ತೆ ಹತ್ತಿ ಪುನಃ ಚುಕ್ಕೆ ಸುತ್ತುತ್ತದೆ. ಬುಧವಾರ ಹದಿನಾಲ್ಕು ಸಲ ನೋಡಿದೆ. ನಮ್ಮ ಕಡೆ ಯಾವ ಕೆಲಸಕ್ಕೂ ಮುಂಚೆ ದೇವರ ಮೇಲೆ ಹೂವಿಟ್ಟು ಕೇಳುವುದುಂಟು, ಬಲಗಡೆ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಇಲ್ಲ. ನಾಚಿಕೆಯಿಲ್ಲದೆ ಹೇಳಿಬಿಡುತ್ತೇನೆ, ಒಂದು ಸೇವಂತಿಗೆ ಎಸಳನ್ನು ನೀರಿನಲ್ಲಿ ಅದ್ದಿ ಕಂಪ್ಯೂಟರಿನ ನೆತ್ತಿಗೆ ಅಂಟಿಸಿ ಕಾದೆ. ಎಡಕ್ಕೆ ಬಿತ್ತು. ಫ್ಯಾನು ಬಲಗಡೆಯಿಂದ ಬೀಸುತ್ತಿತ್ತು ಎಂಬುದನ್ನು ಗಮನಿಸಿ, ಫ್ಯಾನು ಆರಿಸಿ ಮತ್ತೆ ಕೇಳಿದೆ. ಮತ್ತೆ ಎಡಕ್ಕೇ ಬಿತ್ತು. ಗುರುವಾರ ತಿರುಪುಗಳನ್ನೆಲ್ಲ ಬಿಚ್ಚಿ ಒಳಗೆ ಧೂಳು ಹೊಡೆದೆ. ಏನೂ ಆಗಲಿಲ್ಲ. ಭಾನುವಾರಕ್ಕೆ ಮೂರೇ ದಿನ. ಎಲ್ಲಿಗೆ ಬಂತು ರೀ, ಪ್ರಿಂಟ್ ಹಾಕಿಸಬೇಕು ಎಂದು ಗಿರಿಜ ಕೇಳುವಳು, ಆಯಿತು ಆಯಿತು ಎಂದು ನಾನು. ಅವಳ ಮುಖ ನೋಡಲಾಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳಿಗೆ ಹೇಳದೆ ಡಬ್ಬವನ್ನು ಆಟೋದಲ್ಲಿಟ್ಟುಕೊಂಡು ಸುಜಾತಳ ಅಂಗಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸು ಅವಳು. ದಿನಾ ಕಣಕಟ್ಟೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಅವಳ ತಂದೆ ರೈಲ್ವೆ ಗೇಟಿನಲ್ಲಿದ್ದವರು, ಹಾಗಾಗಿ ನನ್ನ ಗುರುತುಂಟು. ಏನು ಮಾಡಿದಿರಿ ಸಾರ್ ಎಂದು ಕೇಳಿದಳು. ಏನೂ ಇಲ್ಲಮ್ಮ, ತಾನಾಗಿಯೇ ನಿಂತುಹೋಯಿತು ಎಂದೆ. ಇಲ್ಲಿಗೆ ಬರುವವರ ಕಂಪ್ಯೂಟರೆಲ್ಲ ತಾನಾಗಿಯೇ ನಿಂತಿರುತ್ತವೆ ಎಂದು ಹೇಳಿ, ಡಾಕ್ಟರ ಹಾಗೆ ಸುಮ್ಮನೆ ಕಾದಳು. ನಾನು ಒಂದೊಂದಾಗಿ ಒಪ್ಪಿಕೊಂಡೆ, ಹೂವಿನ ವಿಷಯವೊಂದನ್ನು ಬಿಟ್ಟು.

ಯಂತ್ರಕ್ಕೇ ತನ್ನ ಸಾಮಾನು ಮುಟ್ಟಲು ಅನುಮತಿ ಇಲ್ಲದ ಹಾಗೆ ನಾನು ಮಾಡಿದ್ದೆನಂತೆ. ಅದಕ್ಕೇ ಅದು ಏಳಲಾರದೆ ಒದ್ದಾಡುತ್ತಿತ್ತು. ಸುಜಾತ ಒಳಗಿನ ಡಿಸ್ಕನ್ನು ತೆಗೆದು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ಮೇಲೆ 'ಗಿರಿಜ' ಎಂಬ ಫೋಲ್ಡರು ಕಂಡಿತು. ಅದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ತೆಗಿಯಮ್ಮ ಎಂದೆ. ಅವಳು ಮೌಸಿನಿಂದ ಕೈ ತೆಗೆದಳು.

"ಇದು ಟೀಚರ್‌ದಲ್ವಾ ಸಾರ್? ಅವ್ರಿಗೆ ಗೊತ್ತೈತಾ?"

ನಾನು ಅವಳ ಗಂಡ, ಮದುವೆಯಾಗಿ ಮೂವತ್ತಾರು ವರ್ಷವಾಗಿದೆ ಎಂದು ಹೇಳಿದೆ. ಸುಜಾತ ಆಗಲ್ಲವೆಂದು ತಲೆಯಾಡಿಸಿದಳು. ಹಿಂದೊಮ್ಮೆ ಒಬ್ಬ ತನ್ನ ತಂಗಿಯದು ಎಂದು ಒಂದು ಲ್ಯಾಪ್‌ಟಾಪ್ ತಂದಿದ್ದನಂತೆ, ಇವಳು ತೆರೆದುಕೊಟ್ಟಳಂತೆ. ಅದು ತಂಗಿಯದಲ್ಲ. ಆ ಹುಡುಗಿ ಅಂಗಡಿಗೆ ಬಂದು ಅತ್ತದ್ದನ್ನು ನೋಡಿದಮೇಲೆ ಸುಜಾತ ಒಂದು ನಿಯಮ ಮಾಡಿಕೊಂಡಿದ್ದಾಳೆ. ಯಾರದ್ದೋ ಅವರೇ ಬಂದು ಹೇಳಬೇಕು.

"ಎರಡ್ ನಿಮಿಷದ ಕೆಲ್ಸ ಐತೆ ಸಾರ್, ಮಾಡ್ಕೊಡ್ತೀನಿ. ಆದ್ರೆ ಮುಂದಿನ ಸ್ಟೇಷನ್ನೋರು ಹೂಂ ಅನ್ನದೆ ನೀವ್ ಗಾಡಿ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಆ ಕಡೆಯ ಸ್ಟೇಷನ್ನಿಗೆ ಫೋನು ಮಾಡಿ, ಲೈನು ಖಾಲಿಯಿದೆಯೇ ಎಂದು ಕೇಳಿ, ಅವರು ಇದೆ ಎಂದಮೇಲೆಯೇ ನನ್ನ ಬಾವುಟ. ನಾನು ಮೂವತ್ತೈದು ವರ್ಷ ಅನುಮತಿ ಕೊಟ್ಟೆ ಎಂದು ಬೀಗುತ್ತಿದ್ದೆನಲ್ಲ, ಅಷ್ಟು ವರ್ಷವೂ ಕೊಡುವ ಮುಂಚೆ ಇನ್ನೊಬ್ಬರನ್ನು ಕೇಳಿದ್ದೆ. ಮನೆಗೆ ಬಂದರೆ ಮಾತ್ರ ಯಾರನ್ನೂ ಕೇಳಿದ ನೆನಪಾಗಲಿಲ್ಲ. ಗಿರಿಜ ತವರಿಗೆ ಹೋಗುವಾಗ ಹೋಗಿಬರಲಾ ಎನ್ನುತ್ತಾಳೆ, ಸೀರೆ ತರಲಾ ಎನ್ನುತ್ತಾಳೆ, ಟಿವಿ ಆರಿಸಲಾ ಎನ್ನುತ್ತಾಳೆ. ನಾನು ಎಲ್ಲಿಗಾದರೂ ಹೊರಟರೆ ಚಪ್ಪಲಿ ಮೆಟ್ಟಿದಮೇಲೆ ಹೇಳುತ್ತೇನೆ.

ಡಬ್ಬವನ್ನು ಅಂಗಡಿಯಲ್ಲೇ ಬಿಟ್ಟು ಮಧ್ಯಾಹ್ನ ಮನೆಗೆ ಬಂದಾಗ ಗಿರಿಜ ಅವರೆಕಾಳು ಹಿದುಕುತ್ತಾ ಕೂತಿದ್ದಳು. ಎದುರಿಗೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ. ಇದು ನಾನು ಎಂದೂ ಮಾಡದ ಕೆಲಸವಾದ್ದರಿಂದ ಏನೋ ಇದೆ ಎಂದು ಅವಳಿಗೆ ಆಗಲೇ ತಿಳಿದಿರಬೇಕು. ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಕಾಳು ಒಂದೊಂದೇ ಸಿಪ್ಪೆಯಿಂದ ಜಾರಿ ಪಾತ್ರೆಗೆ ಬೀಳುತ್ತಿತ್ತು.

"ಬೀಗ ಹಾಕೋ ಮುಂಚೆ ನನ್ನನ್ನ ಒಂದ್ ಮಾತು ಕೇಳ್ಬೋದಿತ್ತಲ್ವಾ?"

ನಿನ್ನ ಒಳ್ಳೆಯದಕ್ಕೇ ಮಾಡಿದ್ದು, ರಕ್ಷಣೆಗೆಂದು, ಎಂದೆ.

"ನನ್ ಸ್ಕೂಟ್ರು ಮಾರಿದ್ದೂ ರಕ್ಷಣೆಗೇ ಅಂದ್ರಿ."

ಹನ್ನೊಂದು ವರ್ಷದ ಹಿಂದಿನ ಮಾತು ಅದು. ಅವಳಿಗೆ ಒಂದು ನೀಲಿ ಸ್ಕೂಟರಿತ್ತು, ಅದರಲ್ಲೇ ಶಾಲೆಗೆ ಹೋಗುತ್ತಿದ್ದಳು. ಒಂದು ಸಲ ಮಾಲೇಕಲ್ಲಿನ ರಸ್ತೆಯಲ್ಲಿ ಜಾರಿ ಬಿದ್ದು ಮೊಣಕೈ ತರಚಿತು. ಕೈ ವಾಸಿಯಾಗುವ ತನಕ ಅವಳು ನಡೆದೇ ಶಾಲೆಗೆ ಹೋಗುತ್ತಿದ್ದಾಗ ನಾನು ಸ್ಕೂಟರನ್ನು ಯಾರಿಗೋ ಮಾರಿಬಿಟ್ಟೆ. ಸಂಜೆ ಬಂದು ಖಾಲಿ ಜಾಗ ನೋಡಿದಳು, ಒಳಗೆ ಹೋಗಿ ಕಾಫಿ ಮಾಡಿದಳು. ಅವಳು ಏನೂ ಅನ್ನದ್ದರಿಂದ ಅವಳಿಗೂ ಸಮಾಧಾನವಾಯಿತೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ನನಗೆ ತುಂಬಾ ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಫೋಲ್ಡರಿಗೋ ಸ್ಕೂಟರಿಗೋ ಎಂದು ಅವಳು ಕೇಳಲಿಲ್ಲ, ನಾನು ಎರಡಕ್ಕೂ ಹೇಳಿದ್ದೆ.

ಶನಿವಾರ ಇಬ್ಬರೂ ಹೋದೆವು. ಸುಜಾತ ಗಿರಿಜಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ತೆಗೀಲಾ ಟೀಚರ್ ಎಂದು ಕೇಳಿದಳು. ತೆಗಿಯಮ್ಮ ಎಂದು ಗಿರಿಜ ಹೇಳಿದಮೇಲೆ ನಿಜವಾಗಿಯೂ ಎರಡೇ ನಿಮಿಷ. ನಾನು ಹಿಂದೆ ನಿಂತು ಕತ್ತು ಚಾಚಿದ್ದೆ. ಒಳಗೆ 'ಫೋಟೋ' ಎಂದಿತ್ತು, 'ನಮೂನೆ' ಎಂದಿತ್ತು, ಅವುಗಳ ಕೆಳಗೆ 'ನಂದು' ಎಂದು ಇನ್ನೊಂದು. ಗಿರಿಜ ಮೊದಲ ಎರಡನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡಳು. ಮೂರನೆಯದನ್ನು ಮುಟ್ಟಲಿಲ್ಲ, ಏನೆಂದೂ ಹೇಳಲಿಲ್ಲ. ಸುಜಾತ ಕಂಪ್ಯೂಟರನ್ನು ಸರಿಮಾಡಿ, ನಾನು ಹಾಕಿದ್ದ ನಿರ್ಬಂಧಗಳನ್ನೆಲ್ಲ ಕಿತ್ತುಹಾಕಿದಳು. ಮುಚ್ಚಳವನ್ನಾದರೂ ಮನೆಯಲ್ಲಿ ನಾನೇ ಹಾಕುತ್ತೇನೆ ಎಂದು ಹಟ ಹಿಡಿದು ತಂದೆ.

ಭಾನುವಾರದ ಬಿಸಿಲಿನಲ್ಲಿ ಗಿರಿಜ ಆ ಗೋಡೆಯ ಮುಂದೆ ನಿಂತು ಒಂದು ಗಂಟೆ ಎಂದದ್ದನ್ನು ಎರಡು ಗಂಟೆ ಮಾತಾಡಿದಳು. ಮೊದಲ ಐದು ನಿಮಿಷ ಕೈಯಲ್ಲಿದ್ದ ಹಾಳೆ ನೋಡಿ ಓದಿದಳು, ಆಮೇಲೆ ಹಾಳೆಯನ್ನೇ ಮರೆತಳು. ಒಂದು ನರ್ತಕಿಯ ಸೊಂಟಪಟ್ಟಿಯ ಗಂಟು ತೋರಿಸಿ, ಇದು ಎಡಗೈಯವರು ಹಾಕಿದ ಗಂಟು, ಕಡೆದವನ ಮನೆಯಲ್ಲಿ ಯಾರೋ ಎಡಚರು ಇದ್ದಿರಬೇಕು ಎಂದಳು. ಮೂವತ್ತು ಹೆಂಗಸರು ತಂತಮ್ಮ ಸೆರಗಿನ ತುದಿಯಲ್ಲಿ ಗಂಟು ಹಾಕಿ ನೋಡಿದರು. ಹಿಂದೆ ಮರೆಯಲ್ಲಿ ನಾನೂ ಟವೆಲ್ಲಿನಲ್ಲಿ ಹಾಕಿ ನೋಡಿದೆ, ನನ್ನ ಗಂಟು ಉಲ್ಟಾ ಬಂತು, ಅವಳು ಹೇಳಿದ್ದು ನಿಜ. ಎಷ್ಟು ಸಲ ಈ ಗೋಡೆಯ ಮುಂದೆ ಹಾದಿದ್ದೇನೋ, ಇದನ್ನು ಕಂಡಿರಲಿಲ್ಲ. ನೀವು ಯಾರು ಎಂದು ಒಬ್ಬರು ಕೇಳಿದರು. ಅವರ ಮನೆಯವರು ಎಂದೆ. ಹಾಗೆ ಹೇಳಿಕೊಳ್ಳಲು ಬಹಳ ಹಿತವಾಯಿತು.

ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅವಳು ಕಿಟಕಿಯ ಪಕ್ಕ. ಚೆನ್ನಾಗಿ ಮಾತಾಡಿದೆ ಎಂದು ಈ ಸಲ ಹೇಳಿದೆ. ಜಾವಗಲ್ ದಾಟಿದಮೇಲೆ ತಡೆಯಲಾಗಲಿಲ್ಲ.

"ಗಿರಿಜಾ, ಆ 'ನಂದು' ಅನ್ನೋದ್ರಲ್ಲಿ ಏನಿದೆ? ನಾನು ನೋಡ್ಬಹುದಾ?"

ಅವಳು ತಿರುಗಿ ನನ್ನ ಮುಖವನ್ನೇ ನೋಡಿದಳು. ಈ ಗಂಡಸು ಒಂದು ವಿಷಯಕ್ಕೆ ಮುಂಚಿತವಾಗಿ ತನ್ನನ್ನು ಕೇಳುತ್ತಿರುವುದು ಇದೇ ಮೊದಲು ಎಂದು ಅವಳಿಗೂ ಅನಿಸಿರಬೇಕು.

"ಬೇಡ," ಎಂದಳು.

ಇದೆಲ್ಲ ಆಗಿ ತಿಂಗಳಾಯಿತು. ಇದನ್ನು ಬರೆಯುತ್ತಿರುವುದು ಅದೇ ಕಂಪ್ಯೂಟರಿನಲ್ಲಿ. ಗಿರಿಜ ಹಾಲು ತರಲು ಹೋಗಿದ್ದಾಳೆ, ಇನ್ನು ಅರ್ಧ ಗಂಟೆ ಬರುವುದಿಲ್ಲ. ಅವಳ ಫೋಲ್ಡರಿಗೆ ಈಗ ಯಾವ ಬೀಗವೂ ಇಲ್ಲ, ಎರಡು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಕವಿತೆ ಇರಬಹುದೇ? ನನ್ನ ಮೇಲಿನ ದೂರುಗಳಿರಬಹುದೇ? ಸ್ಕೂಟರುಗಳ ಚಿತ್ರ? ದಿನಕ್ಕೆ ನಾಲ್ಕಾರು ಸಲ ಆ ಹೆಸರಿನ ಮುಂದೆ ಕೂತು ಯೋಚಿಸುತ್ತೇನೆ. ಏನಿದೆಯೋ ಗೊತ್ತಿಲ್ಲ. ತೆರೆದಿಲ್ಲ.